ಐತವಾರದ ಗುಂಪ್ ರೈಡಿಗೆ ಹೋಗ್ಬೇಕಂದ್ರ ಎಷ್ಟು ತಯಾರಿ ಬೇಕು? (ಕಲಬುರಗಿ)

ಜೋಳದ_ತೆನಿ:
ಎಲ್ಲಾರಿಗೂ ಶರಣಾರ್ಥಿ. ನಾ ಕಲಬುರಗಿಯಾಕಿ, ವಯಸ್ಸು ನಲವತ್ತರ ಹತ್ರ, ಆಫೀಸ್‌ನಾಗ ಕುರ್ಚಿ ಕೆಲಸ. ದೀಪಾವಳಿ ಮುಂದ ಗೇರಿನ ಹೈಬ್ರಿಡ್ ಸೈಕಲ್ (ರೇಸಿಂದೂ ಅಲ್ಲ, ಗುಡ್ಡದ್ದೂ ಅಲ್ಲ, ನಡುವಿಂದು) ತೊಗೊಂಡೀನಿ. ಮುಂಜಾನೆ ಅಪ್ಪನ ಕೆರಿ ಸುತ್ತ, ಒಮ್ಮೊಮ್ಮೆ ಸೇಡಂ ರೋಡ್ ಹಿಡದು ಬುದ್ಧ ವಿಹಾರದ ತನಕ ಹೋಗಿ ಬರ್ತೀನಿ. ಹೋಗೂವಾಗ ಛಲೋ ಅನಸ್ತದ. ಬರೂವಾಗ ಅರ್ಧ ದಾರಿಗೇ ತೊಡಿ ಕಲ್ಲಾಗ್ತಾವ.

ಐತವಾರ ಮುಂಜಾನೆ ನಮ್ಮ ಓಣಿ ಮುಂದಿಂದ ಒಂದು ಗುಂಪು ಹೋಗ್ತದ. ಹೆಲ್ಮೆಟ್ಟು, ಬಿಗಿ ಅಂಗಿ, ಕಪ್ಪು ಚಸ್ಮಾ. ಕಡಗಂಚಿ, ಕಮಲಾಪುರ ಅಂತ ಹೋಗಿ ಒಂಬತ್ತರೊಳಗ ವಾಪಸ್ ಬಂದು ಸುಸಲಾ-ಮಿರ್ಚಿ ತಿನ್ಕೋತ ನಿಂತಿರ್ತಾರ. ಸೇರಬೇಕಂತ ಮನಸದ, ಧೈರ್ಯ ಇಲ್ಲ. ಎಷ್ಟು ಕಿಲೋಮೀಟರ್ ಹೊಡಿಲಾಕ ಬಂದ್ರ ಹೋಗಬಹುದು? ಹಿಂದ ಬಿದ್ರ ನಿಲ್ತಾರೋ, ಬಿಟ್ಟು ಹೋಗ್ತಾರೋ? ಅಷ್ಟು ಹತ್ರ ಹತ್ರ ಹೊಡಿಯೋದು ನೋಡಿದ್ರೇ ಎದಿ ಝಲ್ ಅಂತದ, ಅದಕ್ಕೇನು ಮಾಡ್ಬೇಕು?

ಹಳೇ_ಚೈನ್:
ತಂಗಿ, ಕಿಲೋಮೀಟರ್ ಲೆಕ್ಕ ಆಮ್ಯಾಲ. ಮೊದಲು ಆ ಗುಂಪಿನವ್ರಿಗೆ ಮೂರು ಮಾತು ಕೇಳ್ರಿ. ಎಷ್ಟು ದೂರ, ಸರಾಸರಿ ವೇಗ ಎಷ್ಟು, ಕಟ್ಟಕಡೀಗೆ ಯಾರು ಇರ್ತಾರ. ಮೂರನೇದಕ್ಕ ತಡವರಿಸಿದ್ರು ಅಂದ್ರ ಆ ರೈಡ್ ಸದ್ಯಕ್ಕ ನಿಮ್ದಲ್ಲ. ಹಿಂದ ಒಬ್ಬ ತಿಳದಾವ ನೇಮಕ ಆಗಿದ್ನಂದ್ರ ಹೊಸಬರು ಕಳಕೊಳ್ಳೂದಿಲ್ಲ.

ಈ ಸರಾಸರಿ ಅನ್ನೋದು ಭಾಳ ಮಂದಿಗೆ ಮೋಸ ಮಾಡ್ತದ. "22ರ ಸರಾಸರಿ" ಅಂದ್ರ ಅವ್ರು ಪೂರಾ ದಾರಿ 22ರಾಗ ಹೋಗ್ತಾರಂತಲ್ಲ. ಊರು ದಾಟೂದು, ಹಂಪು, ಸಿಗ್ನಲ್ಲು, ಏರು, ಟಂಟಂನವ್ರು ಅಡ್ಡ ನಿಂತದ್ದು ಎಲ್ಲಾ ಕೂಡಿ 22. ಬಯಲು ರಸ್ತಾದಾಗ ಅವ್ರು 26-27ರಾಗ ಇರ್ತಾರ. ಮನ್ಯಾಗ "ನಾನೂ 22 ಹೊಡಿತೀನಲ್ಲ" ಅಂದ್ಕೊಂಡು ಹೋದಾವ ರಿಂಗ್ ರೋಡ್ ದಾಟೂದ್ರಾಗೇ ಒಬ್ಬನೇ ಆಗ್ತಾನ.

ನನ್ನ ಅಳತಿ ಇಷ್ಟು. ಒಬ್ರೇ 25 ಕಿಮೀ, ನೀರು ಕುಡಿಲಾಕ ನಿಂತದ್ದು ಬಿಟ್ರ ದಮ್ಮು ತೊಗೊಳ್ಳಾಕ ನಿಲ್ಲದಂಗ, ತಾಸಿಗೆ 16-18ರ ಮ್ಯಾಲ ಹೊಡಿಲಾಕ ಬರಬೇಕು. ಮರುದಿನ ಆಫೀಸಿನ ಮೆಟ್ಟಲಾ ಹತ್ತೂವಾಗ ಗೋಡಿ ಹಿಡಿಯೂ ಪರಿಸ್ಥಿತಿ ಇರಬಾರದು. ಹೊಸಬರ ರೈಡಿಗೆ ಅಷ್ಟು ಸಾಕು. ವಾರಕ್ಕ ಮೂರು ಸಲ ಹೊಡಿರಿ, ಎರಡು ಸಣ್ಣವು, ಒಂದು ಉದ್ದಂದು. ಉದ್ದಂದನ್ನ ವಾರವಾರ ಎರಡ್-ಮೂರು ಕಿಮೀ ಏರಿಸ್ರಿ, ನಾಕನೇ ವಾರ ಇಳಿಸಿ ಮೈಗೆ ವಿಶ್ರಾಂತಿ ಕೊಡ್ರಿ.

ಜೋರೆಷ್ಟು ಅಂದ್ರ, ಬಾಜೂಕ ಯಾರರೆ ಇದ್ರ ಅವ್ರ ಜೋಡಿ ಪೂರಾ ಮಾತು ಆಡ್ಲಾಕ ಬರಬೇಕು. ಒಂದೊಂದೇ ಶಬ್ದ ಬರ್ಲತ್ತದಂದ್ರ ಜೋರಾತು. ಹೊಸಬರು ದಿನಾ ಅರ್ಧ ಜೋರಿನಾಗ ಹೊಡದು ದಿನಾ ದಣೀತಾರ. ಉದ್ದಂದು ಮೆತ್ತಗ ಹೊಡಿಯೂದು ಕಲತ್ರ ಆ ದಣಿವಿಲ್ಲದೇ ದಮ್ಮು ಬೆಳಿತದ.

ಇನ್ನ ತೊಡಿ ಕಲ್ಲಾಗೂದು. ನೀವು ದೊಡ್ಡ ಗೇರಿನಾಗ ತುಳಿಲತ್ತೀರಿ ಅಂತ ನನ್ನ ಅಂದಾಜು. ಹದಿನೈದು ಸೆಕೆಂಡಿಗೆ ಬಲಗಾಲು ಎಷ್ಟು ಸಲ ಕೆಳಗ ಬರ್ತದ ಎಣಿಸ್ರಿ. ಇಪ್ಪತ್ತು ಬರಬೇಕು, ಅಂದ್ರ ನಿಮಿಷಕ್ಕ ಎಂಬತ್ತು. ಹದಿಮೂರು ಹದಿನಾಕು ಬಂದ್ರ ಗೇರು ಹಗುರ ಮಾಡ್ರಿ.

ಕಾರ್ಬನ್_ಫ್ರೇಮ್:
ಹೈಬ್ರಿಡ್ ಮಾರಿ ರೋಡ್ ಬೈಕ್ (ರೇಸಿನ ಹಗುರ ಸೈಕಲ್) ತೊಗೊಳ್ರಿ ಮೇಡಂ. ಪೆಡಲ್ಲಿಗೆ ಸಿಕ್ಕಿಸೂ ಕ್ಲೀಟ್ ಶೂಸ್ ಹಾಕ್ಕೊಳ್ರಿ. ಅದೇ ಕಾಲಿನ ತಾಕತ್ತಿಗೆ ಮೂರ್-ನಾಕು ಕಿಲೋಮೀಟರ್ ವೇಗ ತಾನೇ ಏರ್ತದ. ಇಲ್ಲಾಂದ್ರ ಗುಂಪಿನ್ಯಾಗ ಹೈಬ್ರಿಡ್ ಹಿಡ್ಕೊಂಡು ಎಷ್ಟು ತುಳದ್ರೂ ಅಷ್ಟೇ.

ಹಳೇ_ಚೈನ್:
ಮೊದಲು ಟೈರಿಗೆ ಹವಾ ಹೊಡಸ್ಲಿ, ಸೀಟು ಏರಿಸ್ಲಿ. ಅದಕ್ಕ ರೊಕ್ಕ ಹತ್ತಂಗಿಲ್ಲ.

ಫಿಸಿಯೋ_ಅಕ್ಕ:
ಸೀಟಿನ ಮಾತು ಬಂತಂತ ಬರೀಲತ್ತೀನಿ. ನನ್ನ ಹತ್ರ ಮೊಣಕಾಲು ಹಿಡ್ಕೊಂಡು ಬರೋ ಸೈಕಲ್ ಮಂದಿಯೊಳಗ ಹೆಚ್ಚಿನವ್ರ ಸೀಟು ತಗ್ಗಿನಾಗ ಇರ್ತದ. ಕಾರಣ ಏನಂದ್ರ ಸಣ್ಣಂದಿನಿಂದ ಎರಡೂ ಕಾಲು ನೆಲಕ್ಕ ಪೂರ್ತಿ ಊರಬೇಕು ಅನ್ನೋ ರೂಢಿ. ಸೀಟಿನ ಮ್ಯಾಲ ಕುಂತೇ ಎರಡೂ ಪಾದ ಸಪಾಟಾಗಿ ಊರಲಾಕ ಬಂತಂದ್ರ ಅದು ತಗ್ಗದ ಅಂತೇ ಅರ್ಥ. ನಿಲ್ಲೂವಾಗ ಸೀಟ್ ಬಿಟ್ಟು ಮುಂದಿನ ಡಂಡಿ ಕಡೆ ಇಳೀಬೇಕು, ಅದೊಂದು ರೂಢಿ ಮಾಡ್ಕೊಳ್ರಿ.

ಮನ್ಯಾಗೇ ನೋಡೂ ವಿಧಾನ ಅದ. ಗೋಡಿ ಹಿಡ್ಕೊಂಡು ಸೈಕಲ್ ಮ್ಯಾಲ ಕೂಡ್ರಿ, ಹಿಮ್ಮಡ ಪೆಡಲ್ ಮ್ಯಾಲ ಇಡ್ರಿ, ಪೆಡಲ್ ಪೂರ್ತಿ ಕೆಳಗ ಒಯ್ರಿ. ಕಾಲು ನೇರ ಆಗಬೇಕು, ಸೊಂಟ ಓರೆ ಆಗಬಾರದು. ಹೊಡಿಯೂವಾಗ ಪಾದದ ಮುಂಭಾಗ ಪೆಡಲ್ ಮ್ಯಾಲ ಬರ್ತದಲ್ಲ, ಆಗ ಮೊಣಕಾಲು ಬೇಕಾದಷ್ಟೇ ಬಾಗಿರ್ತದ. ಮೊಣಕಾಲಿನ ಮುಂಭಾಗ ನೂಸಿದ್ರ ಸಾಮಾನ್ಯವಾಗಿ ಸೀಟು ತಗ್ಗು, ಹಿಂಭಾಗ ಎಳದ್ರ ಸೀಟು ಎತ್ತರ. ಒಮ್ಮೆಗೇ ಎರಡಿಂಚು ಏರಿಸಬ್ಯಾಡ್ರಿ, ಅರ್ಧ ಸೆಂಟಿಮೀಟರಿನಂಗ ಏರಿಸ್ಕೋತ ಹೋಗ್ರಿ.

ಹವಾ ಎಷ್ಟು ಅನ್ನೋದು ಟೈರಿನ ಬಾಜೂಕೇ ಬರದಿರ್ತದ. ಹೈಬ್ರಿಡ್ಡಿನ 35-40 ಮಿಲಿಮೀಟರ್ ಟೈರಿಗೆ 50ರಿಂದ 70 ಪಿಎಸ್‌ಐ ನಡೀತದ. ಪಂಚರ್ ಅಂಗಡಿಯಾವ ಬಟ್ಟಲೆ ಒತ್ತಿ "ಬರಾಬ್ಬರಿ ಅದ" ಅಂತಾನ, ನಂಬಬ್ಯಾಡ್ರಿ. ಮೀಟರಿನ ಪಂಪು ಒಂದು ಮನ್ಯಾಗಿರ್ಲಿ.

ಮತ್ತ ಬಸ್ಕಿ. ವಾರಕ್ಕ ಎರಡು ದಿನ ಬಸ್ಕಿ, ಒಂಟಿಗಾಲಿನ ಮ್ಯಾಲ ನಿಲ್ಲೂದು, ಮೊಣಕೈ ಊರಿ ಮೈ ನೇರ ಹಿಡಿಯೂದು. ಬೆನ್ನು-ಹೊಟ್ಟಿ ಗಟ್ಟಿ ಇಲ್ಲದಾಕಿ ಹ್ಯಾಂಡಲ್ ಮ್ಯಾಲ ಭಾರ ಹಾಕ್ತಾಳ, ಅಂಗೈ ಜೋಮು ಹಿಡಿತದ.

ಮೈಸೂರಿಂದ_ಬಂದವ:
ವರ್ಗವಾಗಿ ಕಲಬುರಗಿಗೆ ಬಂದ ಮೇಲೆ ನಾನು ಗುಂಪು ಸೇರಿದ್ದು. ಮೈ ಗಟ್ಟಿಯಿದ್ದೂ ಗುಂಪಿನಲ್ಲಿ ಯಾರಿಗೂ ಬೇಡವಾದವರನ್ನು ನೋಡಿದ್ದೇನೆ, ನಿಧಾನವಾಗಿದ್ದೂ ಎಲ್ಲರೂ ಪಕ್ಕಕ್ಕೆ ಕರೆದುಕೊಳ್ಳುವವರನ್ನೂ ನೋಡಿದ್ದೇನೆ. ವ್ಯತ್ಯಾಸ ಇಷ್ಟೇ: ಎರಡನೆಯವರು ನೇರ ಓಡಿಸುತ್ತಾರೆ. ಮುಂದಿನ ಕ್ಷಣ ಏನು ಮಾಡುತ್ತಾರೆಂದು ಹಿಂದಿನವರಿಗೆ ಗೊತ್ತಿರುತ್ತದೆ.

ನೀವು ಕೇಳಿದ ಎದೆ ಝಲ್ಲೆನ್ನುವ ಪ್ರಶ್ನೆಗೆ ಉತ್ತರವೂ ಇದೇ. ಇದನ್ನು ಒಬ್ಬರೇ ಕಲಿಯಬಹುದು. ಬೆಳಿಗ್ಗೆ ವಾಹನಗಳಿಲ್ಲದ ರಸ್ತೆಯಲ್ಲಿ ಅಂಚಿನ ಬಿಳಿ ಗೆರೆಯ ಮೇಲೆ ಇನ್ನೂರು ಮೀಟರ್ ಓಡಿಸಿ. ಚಕ್ರ ನೋಡಬೇಡಿ, ದೂರಕ್ಕೆ ನೋಡಿ; ಚಕ್ರ ನೋಡಿದರೆ ಓಲಾಡುತ್ತೀರಿ. ಅದು ಕೂತ ಮೇಲೆ ಅದೇ ಗೆರೆಯ ಮೇಲೆ ಬಲ ಭುಜದ ಹಿಂದೆ ತಿರುಗಿ ನೋಡಿ. ಎಲ್ಲರ ಸೈಕಲ್ಲೂ ಮೊದಲು ಬಲಕ್ಕೆ ವಾಲುತ್ತದೆ. ಆಮೇಲೆ ಒಂದು ಕೈ ಬಿಟ್ಟು ಬಾಟಲಿ ತೆಗೆದು, ಕುಡಿದು, ವಾಪಸ್ ಇಡುವುದು. ಇವು ಮೂರೂ ಬಂದರೆ ಗುಂಪಿನ ಭಯ ಮುಕ್ಕಾಲು ಹೋಯಿತು.

ಹತ್ತಿರ ಹತ್ತಿರ ಓಡಿಸುವುದು ಗಾಳಿ ತಪ್ಪಿಸಿಕೊಳ್ಳಲು. ಮುಂದಿನವರ ಬೆನ್ನ ಹಿಂದೆ ಇದ್ದರೆ, ಒಂದು ಮಟ್ಟದ ವೇಗದ ಮೇಲೆ, ಸುಮಾರು ಕಾಲು ಭಾಗದಷ್ಟು ಶ್ರಮ ಉಳಿಯುತ್ತದೆ. ಆದರೆ ಹೊಸಬರಿಗೆ ಅದು ಕಡ್ಡಾಯವಲ್ಲ. ಒಂದೆರಡು ಸೈಕಲ್ ಉದ್ದ ಬಿಟ್ಟೇ ಇರಿ. ಒಂದನ್ನು ಮಾತ್ರ ಯಾವತ್ತೂ ಮಾಡಬೇಡಿ: ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ಬರುವ ಹಾಗೆ ಓಡಿಸುವುದು. ಅವರು ತಗ್ಗು ತಪ್ಪಿಸಲು ಅರ್ಧ ಅಡಿ ಸರಿದರೆ ಚಕ್ರಕ್ಕೆ ಚಕ್ರ ತಾಗಿ ಬೀಳುವುದು ನೀವು, ಅವರಲ್ಲ.

ಸನ್ನೆಗಳು ಹೆಚ್ಚಿಲ್ಲ. ತಗ್ಗಿದ್ದ ಕಡೆ ಬೆರಳು ತೋರಿಸಿ ಕೂಗುವುದು, ನಿಲ್ಲುವಾಗ ಅಂಗೈ ಕೆಳಗೆ ಮಾಡುವುದು, ಹಿಂದೆ ಲಾರಿ ಬಂದರೆ ಕೊನೆಯವರು "ಗಾಡಿ" ಎಂದು ಕೂಗುವುದು. ಕೂಗು ಒಬ್ಬರಿಂದ ಒಬ್ಬರಿಗೆ ದಾಟಬೇಕು. ಕೂಗಲು ನಾಚಿಕೆ ಪಡಬೇಡಿ.

ಬೀದರ_ಗಾಳಿ:
ಮ್ಯಾಲಿನವ್ರು ದಮ್ಮು, ಸೀಟು, ಗೆರಿ ಎಲ್ಲಾ ಹೇಳಿದ್ರು. ಗಾಳಿ ದಿಕ್ಕು ಯಾರೂ ಹೇಳಲಿಲ್ಲ. ಅಕ್ಕಾರ ಬುದ್ಧ ವಿಹಾರಕ್ಕ ಹೋಗೂವಾಗ ಛಲೋ, ಬರೂವಾಗ ತ್ರಾಸು ಅಂತ ಬರದಾರ. ಬಂದಾಗಿನ ದಣಿವು ಒಂದು ಕಾರಣ ಇರ್ಲಿ. ಆದ್ರ ಮಿರಗ (ಮೃಗಶಿರಾ ಮಳಿ) ಕೂಡಿದ ಮ್ಯಾಲ ಶ್ರಾವಣದ ತನಕ ನಮ್ಮ ಕಡಿ ಗಾಳಿ ಪಶ್ಚಿಮದಿಂದ ಬೀಸ್ತದ. ಸೇಡಂ ರೋಡ್ ಪೂರ್ವಕ್ಕ ಹೋಗ್ತದ. ಅಂದ್ರ ಹೋಗೂವಾಗ ಗಾಳಿ ಬೆನ್ನಿಗೆ, ಬರೂವಾಗ ಮಾರಿಗೆ. ಮಳಿಗಾಲದಾಗ ಆಳಂದ ರೋಡ್, ಅಫಜಲಪುರ ರೋಡ್ ಹಿಡೀರಿ. ಮೈಯಾಗ ತಾಕತ್ತಿದ್ದಾಗ ಗಾಳಿ ಎದುರಿಸಿ, ದಣದಾಗ ಅದೇ ಗಾಳಿ ಮನಿಗೆ ತಂದು ಬಿಡ್ತದ. ಚಳಿಗಾಲಕ್ಕ ಉಲ್ಟಾ, ಪೂರ್ವದ ಗಾಳಿ. ಆದ್ರ ಅಷ್ಟು ಜೋರಿರಂಗಿಲ್ಲ.

ಬೀದರಿನವ್ರಿಗೆ ಗಾಳಿ ಜೋಡಿ ಏರೂ ಅದ. ಊರು ಕೆಂಪು ಕಲ್ಲಿನ ದಿನ್ನಿ ಮ್ಯಾಲ, ಸುಮಾರು 700 ಮೀಟರ್ ಎತ್ತರದಾಗ ಕುಂತದ. ಕಲಬುರಗಿ 450ರ ಆಸುಪಾಸು. ಅಷ್ಟೂರಿನ ಗುಮ್ಮಟಗಳ ಕಡೆ ಹೋಗ್ರಿ, ಮಾಂಜ್ರಾ ಬಯಲಿಗೆ ಇಳೀರಿ, ಹೋಗೂವಾಗ ಇಳಜಾರು, ಚಹಾ ಕುಡದು ವಾಪಸ್ ಬರೂವಾಗ ಏರು. ಕಲಬುರಗಿಯಿಂದ ಬಂದ ಗೆಳ್ಯಾರು ಇಳಿಯೂವಾಗ ಹಾರ್ಕೋತ ಹೋಗ್ತಾರ. ನಾವು ಮಾತಾಡಂಗಿಲ್ಲ.

ಕಾರ್ಬನ್_ಫ್ರೇಮ್:
ಗಾಳಿ ಮಾತು ನೂರಕ್ಕ ನೂರು ಖರೇ.

ಜೋಳದ_ತೆನಿ:
ಸೀಟು ನೋಡಿದೆ ರೀ, ಖರೇನೇ ಭಾಳ ತಗ್ಗಿತ್ತು. ಗೇರೂ ಹಗುರ ಮಾಡೀನಿ, ಫರಕು ಗೊತ್ತಾಗ್ಲತ್ತದ. ಮತ್ತೊಂದು ಕೇಳಬೇಕಿತ್ತು. ಗುಂಪು ಐದೂವರಿಗೆ ಬಿಡ್ತದ. ಕತ್ತಲಾಗ ಒಬ್ಬಾಕೇ ಅಲ್ಲಿ ತನಕ ಹೋಗೂದು, ಹಾಕ್ಕೊಳ್ಳೂ ಬಟ್ಟಿ, ನಡುವ ಹೋಗಬೇಕಾದ್ರ ಬಾಥ್‌ರೂಮು. ಇವ್ನ ಯಾರೂ ಬರಿಯಂಗಿಲ್ಲ. ಅಕ್ಕಂದಿರು ಯಾರರೆ ಇದ್ರ ಹೇಳ್ರಿ.

ಕೆಂಪು_ಬಾಳಿ:
ಇದ್ದೀನಿ. ನಾ ಸಾಲಿ ಮಾಸ್ತರ್ತಿ, ಗುಂಪಿನ್ಯಾಗ ಹೋಗ್ತೀನಿ.

ಬಟ್ಟಿ: ಬಿಗಿ ಅಂಗಿ ಹಾಕಲೇಬೇಕಂತ ಯಾವ ಕಾಯ್ದೆ ಇಲ್ಲ. ನಾ ಟ್ರ್ಯಾಕ್ ಪ್ಯಾಂಟಿನ ಒಳಗ ಪ್ಯಾಡಿನ ಚಡ್ಡಿ ಹಾಕ್ತೀನಿ, ಮ್ಯಾಲ ಉದ್ದ ಟೀಶರ್ಟು. ಪ್ಯಾಡಿನ ಚಡ್ಡಿ ಒಳಗ ಮತ್ತೊಂದು ಒಳ ಉಡುಪು ಹಾಕಬಾರದು, ಹೊಲಿಗಿ ತಿಕ್ಕಿ ಗಾಯ ಆಗ್ತದ. ಇದು ಯಾರೂ ಹೇಳಂಗಿಲ್ಲ. ಓಡಣಿ ಮಾತ್ರ ಬ್ಯಾಡ, ಹಿಂದಿನ ಗಾಲಿಗೆ ಸಿಕ್ರ ಮೈಮ್ಯಾಲ ಬರ್ತದ. ಬಲಗಾಲಿನ ಪ್ಯಾಂಟಿಗೆ ಒಂದು ರಬ್ಬರು, ಚೈನಿಗೆ ಸಿಗದಂಗ.

ಕತ್ತಲು: ಒಬ್ಬಾಕೇ ಹೋಗಬ್ಯಾಡ್ರಿ. ನಿಮ್ಮ ಓಣಿ ದಾರಿ ಹಿಡದು ಹೋಗೂ ಒಬ್ರು ಗುಂಪಿನ್ಯಾಗ ಇದ್ದೇ ಇರ್ತಾರ, ಕೇಳ್ರಿ. ಮುಂದ ಬಿಳಿ ಲೈಟು, ಹಿಂದ ಮಿನುಗೋ ಕೆಂಪು ಲೈಟು ಇಲ್ಲದೇ ಹೊರಬೀಳಬ್ಯಾಡ್ರಿ. ನಾಯಿ ಬೆನ್ನತ್ತಿದ್ರ ಸೈಕಲ್ ಜೋರು ಹೊಡಿಬ್ಯಾಡ್ರಿ, ಇಳದು ಸೈಕಲ್ ನಡುವ ಹಿಡದು ನಿಂತು ಜೋರಾಗಿ ಗದರಿಸ್ರಿ. ಹೆಚ್ಚಿನವು ಅಲ್ಲೇ ನಿಲ್ತಾವ. ಕಚ್ಚಿತಂದ್ರ ಸಾಬೂನು ಹಚ್ಚಿ ಹದಿನೈದು ನಿಮಿಷ ನೀರಾಗ ತೊಳದು ಅವತ್ತೇ ಇಂಜೆಕ್ಷನ್. ಅರಿಶಿಣ ಹಚ್ಚಿ ಮನ್ಯಾಗ ಕೂಡಬ್ಯಾಡ್ರಿ.

ಬಾಥ್‌ರೂಮು: ಪೆಟ್ರೋಲ್ ಬಂಕು. ಹುಮನಾಬಾದ್ ರೋಡಿನಾಗ ಬೇಕಾದಷ್ಟು ಅವ. ರೈಡ್ ಮುಖಂಡನಿಗೆ ಮೊದಲೇ "ನಡುವ ಒಂದು ಬಂಕಿನಾಗ ನಿಲ್ಲೂದು" ಅಂತ ಹೇಳಿಬಿಡ್ರಿ. ಬಾಥ್‌ರೂಮಿಗೆ ಅಂಜಿ ನೀರು ಕುಡಿಯೋದು ಬಿಡೋ ಹೆಣ್ಣಮಕ್ಕಳು ಭಾಳ ಮಂದಿ ಇದ್ದಾರ, ನಮ್ಮ ಬಿಸಲಾಗ ಅದು ಜೀವಕ್ಕ ಕುತ್ತು.

ಮನಿ ಮಂದಿ ಮಾತು ನೀವು ಕೇಳಲಿಲ್ಲ, ನಾ ಹೇಳಂಗಿಲ್ಲ. ಎಂಟನೇ ಕ್ಲಾಸಿನ್ಯಾಗ ಸರ್ಕಾರದ ಸೈಕಲ್ ಹೊಡ್ಕೋತ ಸಾಲಿಗೆ ಹೋದ ಹುಡುಗ್ಯಾರು ಈ ಜಿಲ್ಲಾದಾಗ ಸಾವಿರಗಟ್ಲೆ ಇದ್ದಾರ. ಅವಾಗ ಯಾರೂ ಏನೂ ಅನಲಿಲ್ಲ. ಮದುವಿ ಆದ ಮ್ಯಾಲ ಅದೇ ಸೈಕಲ್ ಯಾಕ ಸುದ್ದಿ ಆಗಬೇಕು?

ಜೋಳದ_ತೆನಿ:
ಅಕ್ಕಾ, ಇದನ್ನ ನಮ್ಮತ್ತಿಗೆ ಓದಿ ಹೇಳಿದೆ. ನಕ್ಕರು.

ಸಕ್ಕರಿ_ಕಾಕಾ:
ನನಗ ಐವತ್ತೆಂಟು, ಸಕ್ಕರಿ ಕಾಯಿಲಿಗೆ ಗುಳಗಿ ತೊಗೋತೀನಿ. ನಾನೂ ಬರಬಹುದೇನ್ರಿ ಗುಂಪಿಗೆ?

ಫಿಸಿಯೋ_ಅಕ್ಕ:
ಬರಬಹುದು ಕಾಕಾ, ಆದ್ರ ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ ಬರ್ರಿ. ಬಿಪಿ, ಇಸಿಜಿ ನೋಡಸ್ರಿ, ಯಾವ ಗುಳಗಿ ಅಂತ ಹೇಳಿ ಕೇಳ್ರಿ. ಕೆಲವು ಗುಳಗಿ ಮತ್ತ ಇನ್ಸುಲಿನ್ ತೊಗೊಂಡು ಉದ್ದ ಹೊಡದ್ರ ಸಕ್ಕರಿ ಒಮ್ಮೆಗೇ ಇಳೀತದ. ಕೈ ನಡುಗೂದು, ತಣ್ಣನ ಬೆವರು, ಮಾತು ತೊದಲೂದು ಬಂದ್ರ ಆಗಿಂದಾಗ ನಿಂತು ಗ್ಲೂಕೋಸ್ ಇಲ್ಲಾ ಸಕ್ಕರಿ ನೀರು ಕುಡೀರಿ. ಕಿಸೆದಾಗ ಗ್ಲೂಕೋಸ್ ಪುಡಿ ಇರ್ಲಿ, ಬಾಜೂಕಿನವ್ರಿಗೆ ಹೇಳಿರ್ಲಿ. ಎದಿ ಬಿಗದ್ರ "ಗ್ಯಾಸ್ ಇರಬೇಕು" ಅನಬ್ಯಾಡ್ರಿ.

ಹಳೇ_ಚೈನ್:
ಬಿಸಲಿನ ಮಾತು ಕೆಂಪು ಬಾಳಿ ತಗದ್ರು, ಮುಂದುವರಸ್ತೀನಿ. ಏಪ್ರಿಲ್-ಮೇದಾಗ ನಮ್ಮ ಕಡಿ ಸರ್ಕಾರಿ ಆಫೀಸಿನ ವ್ಯಾಳ್ಯಾನೇ ಮುಂಜಾನೆ ಎಂಟರಿಂದ ಒಂದೂವರಿ ಆಗ್ತದ, ಅಂದ್ಮ್ಯಾಲ ಸೈಕಲ್ಲಿನವ್ರು ಏಳೂವರಿಯೊಳಗ ಮನಿ ಸೇರಬೇಕು. 42 ಡಿಗ್ರಿ ಇಲ್ಲಿ ಮಾಮೂಲಿ. ತಾಸಿಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ನೀರು, ತಾಸಿನ ಮ್ಯಾಲಾದ್ರ ಅದರಾಗ ಉಪ್ಪು-ಸಕ್ಕರಿ. ಒಂದು ಲೀಟರಿಗೆ ಆರು ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು, ಮ್ಯಾಲ ಲಿಂಬಿ ಹಿಂಡ್ರಿ. ಚಮಚ ಅಂದ್ರ ಚಹಾದ ಚಮಚ. ತಲಿ ತಿರುಗಿ, ಚಳಿ ಬಂದಂಗಾಗಿ, ಮಾತು ಅಡ್ಡಾದಿಡ್ಡಿ ಆದ್ರ ರೈಡ್ ಮುಗೀತಂತ ತಿಳೀರಿ. ನೆಳ್ಳಿಗೆ ಮಲಗಿಸಿ ಮೈಮ್ಯಾಲ ನೀರು ಹಾಕ್ಕೋತ ಆಂಬುಲೆನ್ಸ್ ಕರೀರಿ, 108.

ತಿನ್ನಾಕ ಪರದೇಶದ ಜೆಲ್ ಬೇಕಿಲ್ಲ. ಶೇಂಗಾ-ಬೆಲ್ಲದ ಉಂಡಿ, ಬಾಳಿಹಣ್ಣು. ಕಮಲಾಪುರದ ತನಕ ಹೋದ್ರ ಅಲ್ಲಿನ ಕೆಂಪು ಬಾಳಿ ಇದ್ದೇ ಅದ (ಮೇಲಿನ ಮಾಸ್ತರ್ತಿ ಹೆಸರು ಅದರಿಂದೇ ಬಂದದ). ಚಳಿಗಾಲದಾಗ ಹೊಲದ ಮಂದಿ ಸೀತನಿ (ಎಳೇ ಜೋಳದ ತೆನಿ) ಸುಟ್ಟು ತಿನ್ನಾಕ ಕರದ್ರಂತೂ ಯಾವ ಸರಾಸರಿನೂ ಉಳಿಯಂಗಿಲ್ಲ.

ರಸ್ತಾ: ಸೇಡಂ ಕಡೆ ಸಿಮೆಂಟ್ ಲಾರಿ, ಕಬ್ಬಿನ ಹಂಗಾಮಿನಾಗ ಆಳಂದ-ಅಫಜಲಪುರ ಕಡೆ ಲೈಟಿಲ್ಲದ ಟ್ರ್ಯಾಲಿ. ಸುಗ್ಗ್ಯಾಗ ರಾಶಿ ರೋಡಿನ ಮ್ಯಾಲೇ ಹರವಿರ್ತಾರ. ತೊಗರಿ ಕಟ್ಟಿಗಿ ಮ್ಯಾಲ ಬ್ರೇಕ್ ಹಿಡಿಬ್ಯಾಡ್ರಿ, ಜಾರ್ತದ. ಮಳಿ ಆದ ದಿನ ಡಾಂಬರ್ ಬಿಟ್ಟು ಎರಿ ಮಣ್ಣಿಗೆ ಇಳದ್ರಿ ಅಂದ್ರ ನೂರು ಅಡಿಯೊಳಗ ಗಾಲಿ ತಿರುಗಂಗಿಲ್ಲ, ಸೈಕಲ್ ಹೊತ್ಕೊಂಡೇ ಬರಬೇಕು. ಜಾಲಿ ಮುಳ್ಳಂತೂ ವರ್ಷವಿಡೀ. ಟ್ಯೂಬ್ ಬದಲಿ ಮಾಡೂದು ಮನ್ಯಾಗ ಕಲ್ತು ಬರ್ರಿ. ಹೊಸ ಟ್ಯೂಬ್ ಹಾಕೂ ಮುಂದ ಟೈರಿನ ಒಳಗ ಬೆರಳಾಡಿಸಿ ಮುಳ್ಳು ಹುಡುಕಿ ತಗೀರಿ, ಇಲ್ಲಾಂದ್ರ ಎರಡನೇದೂ ಹೋಗ್ತದ.

ಜೋಳದ_ತೆನಿ:
ನಿನ್ನೆ ಹೋಗಿದ್ದೆ. ಏರ್‌ಪೋರ್ಟ್ ತನಕ, ಹೊಸಬರ ರೈಡು. ಮುಂಚೇನೇ ಮೂರು ಪ್ರಶ್ನೆ ಕೇಳಿದ್ದೆ, ಹಿಂದ ಒಬ್ರು ಕಾಕಾ ಇರ್ತೀನಂದ್ರು, ಇದ್ದರು. ಹೋಗೂವಾಗ ನಡುವ ಇದ್ದೆ. ವಾಪಸ್ ಬರೂವಾಗ ಮುಂದಿನವ್ರು ನಾಕ್-ಐದು ಮಂದಿ ಜೋರು ಹಚ್ಚಿ ಹೋಗೇಬಿಟ್ರು. ಕಾಕಾ ಜೋಡಿ ನಾವು ಮೂವರು ಉಳದ್ವಿ. ನನಗ ತ್ರಾಸಾಗಲಿಲ್ಲ, ಆದ್ರ ಬಾಜೂಕಿನ ಹುಡುಗಿ ಮಾರಿ ಸಣ್ಣ ಮಾಡ್ಕೊಂಡಳು. ಹೊಸಬರ ರೈಡ್ ಅಂದ್ಮ್ಯಾಲ ಹಂಗ ಹೋಗಬಹುದೇನ್ರಿ?

ಕಾರ್ಬನ್_ಫ್ರೇಮ್:
ಮೇಡಂ, ವಾರಕ್ಕೊಂದೇ ದಿನ ಸಿಗ್ತದ. ಪೂರಾ ದಾರಿ 17ರಾಗ ಹೋದ್ರ ನಮ್ಮ ತಯಾರಿ ಏನಾಗ್ಬೇಕು? ಎಲ್ಲಾರೂ ಎಲ್ಲಾರಿಗೂ ಕಾಯಬೇಕಂದ್ರ ಜೋರಿನವ್ರು ಗುಂಪು ಬಿಡ್ತಾರ.

ಕೆಂಪು_ಬಾಳಿ:
ಬಿಡ್ಲಿ. ಆದ್ರ "ಹೊಸಬರ ರೈಡ್" ಅಂತ ಕರದು ಹೊಸಬರನ್ನ ಬಿಟ್ಟು ಹೋಗಬ್ಯಾಡ್ರಿ.

ಹಳೇ_ಚೈನ್:
ಇಬ್ಬರದೂ ಖರೇ ಅದ. ಜೋರಿನವ್ರಿಗೂ ಜೋರು ಬೇಕು, ಅದು ತಪ್ಪಲ್ಲ. ಒಂದೇ ಹೆಸರಿನಾಗ ಎರಡು ರೈಡ್ ಮಾಡೂದು ತಪ್ಪು. ವಾರದಾಗ ಒಂದು ದಿನ ಜೋರಿನ ರೈಡ್, "ಹಿಂದ ಬಿದ್ರ ಕಾಯಂಗಿಲ್ಲ" ಅಂತ ಬರದೇ ಕಳಸ್ಲಿ. ಐತವಾರದ್ದು ಎಲ್ಲಾರದು. ಜೋರು ಹಚ್ಚಬೇಕನಸಿದ್ರ ಮುಂದಿನ ಕ್ರಾಸ್ ತನಕ ಹಚ್ಚಿ, ವಾಪಸ್ ತಿರುಗಿ ಹಿಂದಿನವ್ರ ಹತ್ರ ಬಂದು ಮತ್ತ ಹಚ್ಚಲಿ. ಹೆಚ್ಚಿನ ಕಿಲೋಮೀಟರ್ ಸಿಗ್ತಾವ.

ಕಾರ್ಬನ್_ಫ್ರೇಮ್:
ಅದು ನಡೀತದ. ಮುಂದಿನ ವಾರ ನೋಡೂನು. ಹಿಂದ ನಾ ಇರ್ತೀನಿ ಬೇಕಾದ್ರ.

ಯಾದಗಿರಿ_ಹುಡುಗ:
ನಿಮ್ಮದು ಛಲೋ ಅದ, ಕಾಯಬೇಕೋ ಬ್ಯಾಡೋ ಅಂತ ಜಗಳ ಮಾಡ್ಲಾಕ ಗುಂಪರೆ ಅದ. ಇಲ್ಲಿ ನಾನು, ನನ್ನ ಗೆಳೆಯ, ಇಬ್ಬರೇ. ಗುರುಮಠಕಲ್ ಕಡೆ, ಶಹಾಪುರದ ಕಡೆ ಹೋಗ್ತಿರ್ತೀವಿ. ಒಮ್ಮೆ 200 ಕಿಮೀ ಬ್ರೆವೆ (ಕೊಟ್ಟ ಹೊತ್ತಿನೊಳಗ ಮುಗಿಸೂ ಉದ್ದ ರೈಡ್) ಮಾಡಬೇಕಂತ ಆಸೆ. ಇಬ್ಬರೇ ಹೊಡದು ಅದಕ್ಕ ತಯಾರಾಗಬಹುದಾ?

ಮೈಸೂರಿಂದ_ಬಂದವ:
ಖಂಡಿತ. ಬ್ರೆವೆ ಸ್ಪರ್ಧೆಯೇ ಅಲ್ಲ. 200 ಕಿಮೀಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ, ಊಟ, ಪಂಚರ್, ವಿಶ್ರಾಂತಿ ಎಲ್ಲ ಸೇರಿ. ಅಂದರೆ ಗಂಟೆಗೆ 15ಕ್ಕಿಂತ ಕಡಿಮೆಯಾದರೂ ಮುಗಿಯುತ್ತದೆ. ಕಳೆದುಕೊಳ್ಳುವುದು ನಿಂತಲ್ಲಿ, ಓಡಿಸುವಾಗಲ್ಲ. ಒಂದೊಂದು ಚಹಾಕ್ಕೆ ಅರ್ಧ ಗಂಟೆ ಕೂತರೆ ಲೆಕ್ಕ ತಪ್ಪುತ್ತದೆ. ಸಲೀಸಾಗಿ 100-120 ಮುಗಿಸುವ ಹಾಗಾದರೆ ಹೆಸರು ಕೊಡಿ. ಇಬ್ಬರಿದ್ದೀರಲ್ಲ, ಹತ್ತು ನಿಮಿಷಕ್ಕೊಮ್ಮೆ ಮುಂದೆ-ಹಿಂದೆ ಬದಲಾಗುತ್ತ ಹೋಗಿ. ಗುಂಪಿನಲ್ಲಿ ಕಲಿಯಬೇಕಾದ್ದು ಅದೇ.

ಯಾದಗಿರಿ_ಹುಡುಗ:
ಬದಲಾಗೂವಾಗ ಮುಂದಿನಾವ ಎಡಕ್ಕ ಸರೀಬೇಕೋ ಬಲಕ್ಕೋ?

ಮೈಸೂರಿಂದ_ಬಂದವ:
ಮೊದಲೇ ಮಾತಾಡಿಕೊಂಡು, ಯಾವತ್ತೂ ಒಂದೇ ಕಡೆ. ಹಿಂದೆ ತಿರುಗಿ ನೋಡಿ, ಗಾಡಿ ಇಲ್ಲದಿದ್ದರೆ ಬಲಕ್ಕೆ ಸ್ವಲ್ಪ ಸರಿದು ತುಳಿತ ಕಡಿಮೆ ಮಾಡಿ, ಹಿಂದಿನವನು ಎಡದಿಂದ ಮುಂದೆ ಹೋಗಲಿ. ಮುಂದೆ ಬಂದವನು ಖುಷಿಗೆ ವೇಗ ಏರಿಸಬಾರದು, ಇದ್ದ ವೇಗವನ್ನೇ ಹಿಡಿಯಬೇಕು. ಲಾರಿ ಓಡಾಡುವ ರಸ್ತೆಯಲ್ಲಿ ಇದನ್ನು ಮಾಡಬೇಡಿ, ಅಲ್ಲಿ ಒಬ್ಬರ ಹಿಂದೊಬ್ಬರು ಸುಮ್ಮನೆ ಹೋಗಿ.

ಸಕ್ಕರಿ_ಕಾಕಾ:
ಇಸಿಜಿ ಮಾಡಿಸ್ದೆ ರೀ, ಡಾಕ್ಟರು ಹೂಂ ಅಂದಾರ. ಈ ಪ್ಯಾಡಿನ ಚಡ್ಡಿ ಕಲಬುರಗ್ಯಾಗ ಎಲ್ಲಿ ಸಿಗ್ತದ ಯಾರರೆ ಹೇಳ್ರಿ. ಸುಪರ್ ಮಾರ್ಕೆಟ್‌ನಾಗ ಕೇಳಿದ್ರ ಕ್ರಿಕೆಟ್ಟಿನ ಪ್ಯಾಡ್ ತಗದು ತೋರಸ್ಲತ್ತಾರ.